ಕಲೆ ಬಿದ್ದದ್ದೆಲ್ಲ ಕಲೆಯಲ್ಲ

ಕನ್ನಡದಲ್ಲಿ ಕಲೆ ಅಂದರೆ ಆರ್ಟೂ ಹೌದು, ಬಟ್ಟೆಗೆ ಅಂಟುವ ಸ್ಟೇನೂ ಹೌದು. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಇದು ಶಾಲೆಯಲ್ಲಿ ನಾನಾರ್ಥ ಬರೆಯಿರಿ ಎಂಬ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರ ಅಷ್ಟೇ ಆಗಿತ್ತು. ಮನೆಯಲ್ಲೇ ಕಪ್ಪು-ಬಿಳುಪು ಫಿಲ್ಮ್ ತೊಳೆಯಲಿಕ್ಕೆ ಶುರು ಮಾಡಿದ ಮೇಲೆ ಗೊತ್ತಾಯಿತು, ಈ ಎರಡು ಅರ್ಥಗಳ ನಡುವೆ ದೊಡ್ಡ ಜಗಳವೇ ಉಂಟು ಅಂತ. ನೆಗೆಟಿವ್ ಮೇಲೆ ಪಟ್ಟೆ ಬಿದ್ದಿದೆ, ಆಕಾಶದಲ್ಲಿ ಮೋಡವಲ್ಲದ ಮೋಡ ಕಾಣ್ತಾ ಇದೆ ಅಂತ ಯಾರಾದರೂ ಬೇಸರ ಮಾಡಿದರೆ ಸಾಕು, ಪಕ್ಕದಲ್ಲಿ ನಿಂತವರು “ಅದೇ ಮಾರಾಯ ಫಿಲ್ಮ್‌ನ ಚಂದ” ಅಂದುಬಿಡುತ್ತಾರೆ. ಮೊಬೈಲ್ ಆ್ಯಪ್‌ಗಳಲ್ಲಿ ಅದೇ ಪಟ್ಟೆ, ಅದೇ ಚುಕ್ಕೆಗಳನ್ನು ಫಿಲ್ಟರ್ ಅಂತ ಮಾರುವ ಕಾಲ ಇದು. ಹಾಗಾಗಿ ತಪ್ಪು ಬಂದರೂ ಲೈಕ್ ಬರುತ್ತದೆ.

ನಮಗೆ ಇದು ಒಪ್ಪಿಗೆ ಇಲ್ಲ. ಯಾಕೆ ಅಂತ ಬರೆಯಲಿಕ್ಕೇ ಈ ಲೇಖನ.

ನಾವು ಅಂದರೆ ಕೊಟ್ಟಾರದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಮೂವರು. ಮೂವರೂ ಸೆಕೆಂಡ್ ಇಯರ್. ನಮ್ಮ ಡಾರ್ಕ್‌ರೂಮ್ ಅಂದರೆ ಬಾತ್‌ರೂಮ್, ಕಿಟಕಿಗೆ ಕಪ್ಪು ರೆಕ್ಸಿನ್ ಅಂಟಿಸಿದ್ದು. ಟ್ಯಾಂಕ್ ಒಂದು, ಅಳತೆಯ ಪಾತ್ರೆ ಎರಡು, ಥರ್ಮಾಮೀಟರ್ ಒಂದು. ಮಿಕ್ಕಿದ್ದೆಲ್ಲ ಅಡುಗೆಮನೆಯಿಂದ ಬಂದದ್ದು. ಒಂದು ರೋಲ್ ಫಿಲ್ಮ್ ಅಂದರೆ ನಮಗೆ ಒಂದು ವಾರದ ಕ್ಯಾಂಟೀನ್ ಖರ್ಚು, ಹಾಗಾಗಿ ಕಲೆಯ ವಿಷಯದಲ್ಲಿ ಉದಾರವಾಗಿ ಇರಲಿಕ್ಕೆ ನಮಗೆ ಕಷ್ಟ. ದುಡ್ಡಿನ ಪ್ರಶ್ನೆ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ.

ಕೊಟ್ಟಾರದಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಫ್ಲಾಟ್ ಬರ್ತಾ ಇವೆ, ಇದು ಇಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ನಮ್ಮ ಹಿಂದಿನ ಓಣಿಯಲ್ಲಿ ಅಂಥದ್ದೊಂದು ಮನೆ ಇತ್ತು. ಕೆಡವುವ ಮೊದಲು ನಮ್ಮ ಬ್ಯಾಚಿನ ಒಬ್ಬ ಗೆಳೆಯ ಅಲ್ಲಿ ಒಂದು ಇಡೀ ರೋಲ್ ತೆಗೆದ. ಮನೆಯ ಅಜ್ಜಿಯನ್ನು ಸುಣ್ಣ ಬಳಿದ ಗೋಡೆಯ ಎದುರು ಕುರ್ಚಿ ಹಾಕಿ ಕೂರಿಸಿ ತೆಗೆದ ಚಿತ್ರವೂ ಅದರಲ್ಲಿತ್ತು. ಒಂದು ವಿಡಿಯೋ ನೋಡಿ ಅವನೇ ತೊಳೆದ. ಪ್ರಿಂಟ್ ಹಾಕಿಸಿ ಕೊಡಲಿಕ್ಕೆ ಹೋಗುವಾಗ ನಾವೂ ಜೊತೆಗಿದ್ದೆವು. ಅಷ್ಟರಲ್ಲಿ ಮನೆ ಇರಲಿಲ್ಲ, ಅಜ್ಜಿ ಮಗಳ ಮನೆಯಲ್ಲಿದ್ದರು. ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು, ತಮ್ಮ ಮುಖವನ್ನಲ್ಲ, ಹಿಂದಿನ ಗೋಡೆಯನ್ನು. ಗೋಡೆಯ ಮೇಲಿಂದ ಕೆಳಗೆ ಸಾಲಾಗಿ ಪಟ್ಟೆ ಪಟ್ಟೆ. ಇದೆಂಥ, ಮಳೆನೀರು ಇಳಿದದ್ದಾ ಅಂತ ತುಳುವಿನಲ್ಲಿ ಕೇಳಿದರು. ನಮ್ಮ ಗೋಡೆಗೆ ಒಂದು ಮಳೆಗಾಲವೂ ನೀರು ಇಳಿದದ್ದಿಲ್ಲ ಅಂತ ಅವರೇ ಹೇಳಿಯೂ ಬಿಟ್ಟರು.

ಇದು ಫಿಲ್ಮ್‌ನ ಚಂದ ಅಂತ ಅವರಿಗೆ ಹೇಳಲಿಕ್ಕೆ ಯಾರಿಗೆ ಬಾಯಿ ಬರುತ್ತದೆ? ಆ ಗೋಡೆ ಈಗ ಇಲ್ಲ. ಉಳಿದಿರುವ ಒಂದೇ ಸಾಕ್ಷಿ ಆ ಚಿತ್ರ, ಅದು ಸುಳ್ಳು ಹೇಳ್ತಾ ಇದೆ. ಸುರಿದ ಮಳೆಯ ಸುಳ್ಳಲ್ಲ, ಡೆವಲಪರ್ ಹರಿದ ದಾರಿಯ ಗುರುತು. ಫ್ರೇಮಿನ ಅಂಚಿನ ಆಚೆ ನೋಡಿದರೆ ಪ್ರತಿ ಪಟ್ಟೆಯ ತಲೆಯ ಮೇಲೂ ಫಿಲ್ಮಿನ ಒಂದೊಂದು ಹಲ್ಲಿನ ತೂತು ಕೂತಿತ್ತು.

ಬೇಕು ಅಂತಲೇ ಮಾಡಿದ ಕಲೆಗೆ ನಮ್ಮ ತಕರಾರು ಇಲ್ಲ. ನಮ್ಮ ಪರೀಕ್ಷೆ ಸರಳ: ಮುಂದಿನ ರೋಲ್‌ನಲ್ಲಿ ಅದೇ ಪಟ್ಟೆಯನ್ನು ಬೇಕಾದ ಜಾಗಕ್ಕೆ ತರಿಸಲಿಕ್ಕೆ ಆಗುತ್ತದಾ? ಆಗುತ್ತದೆ ಅಂದರೆ ಅದು ಕಲೆ, ನಾವು ಕೈ ಮುಗಿಯುತ್ತೇವೆ. ಆಗುವುದಿಲ್ಲ ಅಂದರೆ ಅದೂ ಕಲೆಯೇ, ಸೋಪು ಹಾಕಿ ಉಜ್ಜುವ ಜಾತಿಯದ್ದು.

ಈಗ ಕಾರಣಕ್ಕೆ ಬರೋಣ. ಪಟ್ಟೆ ಬಂದ ಕೂಡಲೇ ಎಲ್ಲರೂ ಹೇಳುವುದು ಮೂರು ಮಾತು. ಫಿಲ್ಮ್ ಹಳತು, ಕೆಮಿಕಲ್ ಹಾಳು, ಮಂಗಳೂರಿನ ನೀರು ಸರಿ ಇಲ್ಲ. ಇವು ಮೂರೂ ಇರಬಹುದು. ಆದರೆ ಹಳೆ ಫಿಲ್ಮ್ ಸಾಮಾನ್ಯವಾಗಿ ಇಡೀ ಮಂಕಾಗುತ್ತದೆ, ಸತ್ತ ಡೆವಲಪರ್ ಇಡೀ ರೋಲನ್ನು ತೆಳು ಮಾಡುತ್ತದೆ. ತೂತಿಗೊಂದರಂತೆ ಲೆಕ್ಕ ಹಾಕಿ ಪಟ್ಟೆ ಎಳೆಯುವಷ್ಟು ಶಿಸ್ತು ಅವಕ್ಕೆ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ನಿಜವಾದ ಕಳ್ಳ ಬೇರೆ. ಅವನ ಹೆಸರು 20 ಡಿಗ್ರಿ.

ಡೆವಲಪರ್ ಡಬ್ಬಿಯ ಮೇಲೆ, ಫಿಲ್ಮಿನ ಪೆಟ್ಟಿಗೆಯ ಒಳಗೆ, ವಿಡಿಯೋದಲ್ಲಿ, ಎಲ್ಲ ಕಡೆ ಕೊಡುವ ಸಮಯ 20 ಡಿಗ್ರಿ ಸೆಲ್ಸಿಯಸ್‌ಗೆ. ಕೊಡಾಕ್‌ನವರ ಡಿ-76 ಬಂದದ್ದು 1927ರಲ್ಲಿ, ಇಲ್‌ಫೋರ್ಡ್‌ನ ಐಡಿ-11 ಕೂಡ ಅದೇ ಜಾತಿಯದ್ದು. ಆ ಊರುಗಳಲ್ಲಿ 20 ಅಂದರೆ ನಲ್ಲಿ ತಿರುಗಿಸಿ ಸ್ವಲ್ಪ ಬಿಸಿನೀರು ಬೆರೆಸಿದರೆ ಸಿಗುವ ನೀರು. ನಮ್ಮ ದೇಶದ್ದೇ ಫಿಲ್ಮ್ ಕಂಪನಿ ಇತ್ತು, 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ‘ಇಂದು’ ಅಂತ ಅವರ ಬ್ರ್ಯಾಂಡ್. ಅದೂ ಇದ್ದದ್ದು ಊಟಿಯಲ್ಲಿ! ಅಲ್ಲಿ ನಲ್ಲಿ ನೀರಿಗೆ ಐಸ್ ಹಾಕುವ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ.

ನಮ್ಮ ಮನೆಯ ಲೆಕ್ಕ ಕೇಳಿ. ಬಾವಿ ನೀರು 27 ಡಿಗ್ರಿಯ ಆಸುಪಾಸು. ಮಹಡಿ ಮೇಲಿನ ಕಪ್ಪು ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ 33 ದಾಟುತ್ತದೆ. ಡೆವಲಪರ್ ಒಂದು ರಾಸಾಯನಿಕ ಕ್ರಿಯೆ ತಾನೇ, ಬಿಸಿ ಏರಿದ ಹಾಗೆ ಓಡುತ್ತದೆ. ಒಂದೊಂದು ಡಿಗ್ರಿಗೆ ಸಮಯ ಹೆಚ್ಚುಕಡಿಮೆ ಹತ್ತು ಶೇಕಡಾ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ ಐಡಿ-11ರಲ್ಲಿ, ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಅದೇ 30 ಡಿಗ್ರಿಯಲ್ಲಿ? ಎರಡೂವರೆ ನಿಮಿಷ ಚಿಲ್ಲರೆ. ಕ್ಯಾಲ್ಕುಲೇಟರ್ ಹೇಳಿತು, ಮಾಡಿಬಿಡುವ ಅಂತ ಹೊರಡುತ್ತಾರೆ. ಗೆಳೆಯನ ವಿಡಿಯೋ ಹೇಳಿದ್ದೂ ಅಷ್ಟೇ, ಬಿಸಿ ಇದ್ದರೆ ಸಮಯ ಕಡಿಮೆ ಮಾಡಿ.

ಲೆಕ್ಕ ಸರಿ, ಫಲ ಸರಿ ಇಲ್ಲ. ಐದು ನಿಮಿಷಕ್ಕಿಂತ ಕಡಿಮೆ ತೊಳೆದರೆ ಎಲ್ಲ ಕಡೆ ಸಮನಾಗಿ ಬಾರದೆ ಇರಬಹುದು ಅಂತ ಕೊಡಾಕ್‌ನವರ ಹಾಳೆಯಲ್ಲೇ ಬರೆದಿದೆ, ಸಣ್ಣ ಅಕ್ಷರದಲ್ಲಿ. ಯಾಕೆ ಅಂತ ಯೋಚಿಸಿದರೆ ಸುಲಭ. ಟ್ಯಾಂಕಿಗೆ ಡೆವಲಪರ್ ಸುರಿದು ತುಂಬಲಿಕ್ಕೆ ಹದಿನೈದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ರೀಲಿನ ಕೆಳಗಿನ ಅಂಚು ಮೊದಲು ಒದ್ದೆಯಾಗುತ್ತದೆ, ಮೇಲಿನ ಅಂಚು ಕೊನೆಗೆ. ಒಟ್ಟು ಒಂಬತ್ತು ನಿಮಿಷ ಆದರೆ ಈ ವ್ಯತ್ಯಾಸ ಮೂರು ಶೇಕಡಾ ಕೂಡ ಇಲ್ಲ. ಎರಡೂವರೆ ನಿಮಿಷ ಆದರೆ ಹತ್ತು ಶೇಕಡಾ. ಒಂದೇ ಫ್ರೇಮಿನ ಮೇಲೆ-ಕೆಳಗೆ ಹತ್ತು ಶೇಕಡಾ! ನಮ್ಮ ಯಾವ ಲ್ಯಾಬ್‌ನಲ್ಲೂ ಇಷ್ಟು ಎರರ್ ಇಟ್ಟು ರೆಕಾರ್ಡ್ ಸಹಿ ಆಗುವುದಿಲ್ಲ. (ಆಗುತ್ತದೆ, ರೀಡಿಂಗ್ ಅಡ್ಜಸ್ಟ್ ಮಾಡಿದರೆ. ಫಿಲ್ಮ್‌ನಲ್ಲಿ ಆ ಸೌಲಭ್ಯ ಇಲ್ಲ, ಅದಕ್ಕೇ ನಮಗೆ ಅದು ಇಷ್ಟ.)

ಇನ್ನು ಕುಲುಕುವ ವಿಷಯ. ಎಷ್ಟು ಜೋರಾಗಿ ಕುಲುಕಿದರೆ ಅಷ್ಟು ಒಳ್ಳೆಯದು ಅಂತ ಒಂದು ನಂಬಿಕೆ ಉಂಟು, ಸೋಡಾ ಶರಬತ್ತು ಮಾಡಿದ ಹಾಗೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಇದನ್ನು ಒಪ್ಪಬಾರದು. ಫಿಲ್ಮಿಗೆ ತಾಗಿದ ತೆಳು ಪದರದಲ್ಲಿ ಡೆವಲಪರ್ ಖರ್ಚಾಗುತ್ತದೆ, ಅಲ್ಲೇ ಬ್ರೋಮೈಡ್ ಬಿಡುಗಡೆಯಾಗಿ ಕ್ರಿಯೆಯನ್ನು ತಡೆಯುತ್ತದೆ. ಕುಲುಕುವುದು ಆ ಪದರವನ್ನು ಬದಲಿಸಲಿಕ್ಕೆ ಮಾತ್ರ. ವಿಪರೀತ ಕುಲುಕಿದರೆ ದ್ರವ ತೂತುಗಳ ಮೂಲಕ ನುಗ್ಗಿ ಬರುತ್ತದೆ, ಸೇತುವೆ ಕಂಬದ ಸುತ್ತ ಹೊಳೆ ಸುಳಿಯುವ ಹಾಗೆ. ತೂತಿನ ನೇರಕ್ಕೆ ಇರುವ ಜಾಗಕ್ಕೆ ತಾಜಾ ಡೆವಲಪರ್ ಜಾಸ್ತಿ, ನೆಗೆಟಿವ್ ಅಲ್ಲಿ ದಟ್ಟ, ಪ್ರಿಂಟ್‌ನಲ್ಲಿ ಅಲ್ಲಿ ಬಿಳಿ ಪಟ್ಟೆ. ನಡುವಿನ ಜಾಗ ನೀರಿಳಿದ ಗೋಡೆಯ ಹಾಗೆ ಮಾಸಲು.

ಕುಲುಕದೆ ಇಟ್ಟರೂ ಪಟ್ಟೆ ಬರುತ್ತದೆ, ತಮಾಷೆ ಇರುವುದೇ ಇಲ್ಲಿ. ಆಗ ಬ್ರೋಮೈಡ್ ಭಾರಕ್ಕೆ ಕೆಳಗಿಳಿದು, ದಟ್ಟ ಜಾಗದಿಂದ ಬಾಲದ ಹಾಗೆ ಗುರುತು ಬಿಡುತ್ತದೆ. ಕಾಯಿಲೆ ನೋಡಲಿಕ್ಕೆ ಒಂದೇ ತರ, ಮದ್ದು ಪೂರ್ತಿ ಉಲ್ಟಾ. “ಪಟ್ಟೆ ಬಂತಾ, ಇನ್ನೂ ಜೋರು ಕುಲುಕು” ಅನ್ನುವವರೂ “ಪಟ್ಟೆ ಬಂತಾ, ಕುಲುಕಲೇ ಬೇಡ” ಅನ್ನುವವರೂ ಇಬ್ಬರೂ ಸರಿಯಾಗಿರಬಹುದು, ಬೇರೆ ಬೇರೆ ನೆಗೆಟಿವ್‌ಗೆ. ಎರಡೂ ಅಂಚಿನ ತೂತುಗಳಿಂದ ಒಳಕ್ಕೆ ಪಟ್ಟೆ ಬಂದಿದ್ದರೆ ಕುಲುಕಿದ್ದು ಜಾಸ್ತಿ ಅಂತ ಸಂಶಯ ಪಡಿ. ಒಂದೇ ದಿಕ್ಕಿಗೆ ಇಳಿದಿದ್ದರೆ ಕಡಿಮೆ ಅಂತ. ನೋಡದೆ ಮದ್ದು ಹೇಳುವವರನ್ನು ನಂಬಬೇಡಿ, ನಮ್ಮನ್ನೂ.

ನೋಡುವುದು ಹೇಗೆ? ಮೊದಲು ನೆಗೆಟಿವನ್ನು ಬೆಳಕಿಗೆ ಓರೆ ಹಿಡಿಯಿರಿ. ಕಲೆ ಮೇಲ್ಮೈಯಲ್ಲಿ ಹೊಳೆದರೆ ಅದು ಒಣಗುವಾಗ ನಿಂತ ನೀರಿನ ಗುರುತು. ಪುನಃ ತೊಳೆದು, ಕೊನೆಗೆ ಒಂದೆರಡು ಹನಿ ವೆಟಿಂಗ್ ಏಜೆಂಟ್ ಹಾಕಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೂಗು ಹಾಕಿದರೆ ಹೆಚ್ಚಾಗಿ ಹೋಗುತ್ತದೆ. ಕಪ್ಪು ಫ್ರೇಮಿನ ಆಚೆ ತೂತುಗಳ ಜಾಗಕ್ಕೂ ಹರಡಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ನೋಡಿ, ಬಾತ್‌ರೂಮ್ ಬಾಗಿಲ ಸಂದಿ ನೋಡಿ. ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಬಂದು, ಫ್ರೇಮಿನ ಗೆರೆಗೆ ಸರಿಯಾಗಿ ನಿಂತರೆ ಶಟರ್ ಮೇಲೆ ಸಂಶಯ, ಅದಕ್ಕೂ ತೊಳೆದದ್ದಕ್ಕೂ ಸಂಬಂಧ ಇಲ್ಲ. ದುಂಡಗಿನ, ಅಂಚು ಸ್ಪಷ್ಟ ಇರುವ ತೆಳು ಚುಕ್ಕೆ ಗಾಳಿಗುಳ್ಳೆ. ಸುರಿದ ಮೇಲೆ ಟ್ಯಾಂಕಿನ ಬುಡವನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಸಾಕು. ರೋಲಿನ ಉದ್ದಕ್ಕೂ ಒಂದೇ ಅಂಚಿನಲ್ಲಿ ತೆಳುವಾದ ಅಗಲ ಪಟ್ಟಿ ಬಂದರೆ ಡೆವಲಪರ್ ಅಲ್ಲಿಗೆ ಮುಟ್ಟಲೇ ಇಲ್ಲ. ಪ್ಯಾಟರ್ಸನ್ ಟ್ಯಾಂಕಿನಲ್ಲಿ ಒಂದು 35 ಎಂ.ಎಂ. ರೋಲಿಗೆ 290 ಎಂ.ಎಲ್. ಬೇಕು, ಅದನ್ನು ಟ್ಯಾಂಕಿನ ಬುಡದಲ್ಲೇ ಬರೆದಿರುತ್ತದೆ. ಎರಡು ರೀಲಿನ ಟ್ಯಾಂಕಿನಲ್ಲಿ ಒಂದೇ ರೀಲು ಹಾಕುವವರು ಮೇಲೆ ಒಂದು ಖಾಲಿ ರೀಲು ಇಡಿ, ಇಲ್ಲವಾದರೆ ತಿರುಗಿಸುವಾಗ ಅದು ಮೇಲೆ ಜಾರುತ್ತದೆ. ಹಾಲಿನ ಹಾಗೆ ಬಿಳಿ ತೇಪೆ ಕಂಡರೆ ಫಿಲ್ಮ್ ರೀಲಿನಲ್ಲಿ ಒಂದಕ್ಕೊಂದು ಅಂಟಿ ಹೈಪೋ ತಲುಪಿಲ್ಲ. ಪುನಃ ಹೈಪೋಗೆ ಹಾಕಬಹುದು, ತೇಪೆ ತಿಳಿಯಾಗುತ್ತದೆ, ಆದರೆ ಡೆವಲಪರೂ ಮುಟ್ಟದ ಜಾಗದಲ್ಲಿ ಚಿತ್ರ ಬರುವುದಿಲ್ಲ. ಜುಲೈಯಲ್ಲಿ ಇಲ್ಲಿ ಇದು ಸಾಮಾನ್ಯ. ಆ ತಿಂಗಳು ಒಗೆದ ಬನಿಯನ್ನೇ ಮೂರು ದಿನ ಒಣಗುವುದಿಲ್ಲ, ಪ್ಲಾಸ್ಟಿಕ್ ರೀಲಿನ ಸಂದಿ ಒಣಗೀತಾ? ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡಬೇಡಿ. ಯಾರಾದರೂ ಬಿಸಿನೀರು ಸ್ನಾನ ಮಾಡಿ ಬಂದ ಬಾತ್‌ರೂಮಿನಲ್ಲಿ ಫಿಲ್ಮ್ ಸುತ್ತಬೇಡಿ.

ಇಷ್ಟು ಹೇಳಿದ ಮೇಲೆ ನಂಬಬೇಕು ಅಂತ ಇಲ್ಲ, ಮಾಡಿ ನೋಡಬಹುದು. ಗೆಳೆಯನ ರೋಲ್ ನೋಡಿದ ಮೇಲೆ ನಾವು ಮೂವರೂ ಅವನೂ ಸೇರಿ ಒಂದು ರೋಲ್ ಬಲಿ ಕೊಟ್ಟೆವು. ಕಲೆ ಸ್ಪಷ್ಟ ಕಾಣಬೇಕಾದರೆ ಏನೂ ಇಲ್ಲದ ಸಪಾಟು ಬೂದು ಬಣ್ಣ ಬೇಕು. ಮಳೆಗಾಲದ ಕೊಟ್ಟಾರಕ್ಕಿಂತ ಒಳ್ಳೆಯ ಬೂದು ಬಣ್ಣ ಎಲ್ಲಿ ಸಿಗುತ್ತದೆ? ಕೊಟ್ಟಾರ ಚೌಕಿಯಲ್ಲಿ ರಸ್ತೆಗೆ ನೀರು ನಿಂತಿದ್ದ ಒಂದು ದಿನ ಟೆರೇಸ್‌ಗೆ ಹತ್ತಿ, ಫೋಕಸ್ ಕೆಡಿಸಿ, 36 ಸಲ ಬರೀ ಆಕಾಶವನ್ನೇ ತೆಗೆದೆವು. ಕೆಳಗಿನಿಂದ ಮನೆಯ ಓನರ್ ಆಂಟಿ ಏನು ಮಕ್ಕಳೇ ವಿಮಾನವಾ ಅಂತ ಕೇಳಿದರು. ಕತ್ತಲಲ್ಲಿ ರೋಲನ್ನು ನಾಲ್ಕು ತುಂಡು ಮಾಡಿ, ಒಂದೊಂದನ್ನು ಬೇರೆ ಬೇರೆ ತೊಳೆದೆವು.

ಮೊದಲನೆಯ ತುಂಡು ಗೆಳೆಯನ ಹಾಗೆಯೇ, 30 ಡಿಗ್ರಿ, ನೀರು ಬೆರೆಸದ ಡೆವಲಪರ್, ಎರಡೂವರೆ ನಿಮಿಷ, ಜೋರು ಕುಲುಕು. ಅಜ್ಜಿಯ ಗೋಡೆಯ ಪಟ್ಟೆಗಳು ಆಕಾಶದಲ್ಲಿ ಹಾಗೆ ಹಾಗೆಯೇ ಬಂದವು. ಎರಡನೆಯದರಲ್ಲಿ ಕುಲುಕುವುದನ್ನು ಮಾತ್ರ ಬದಲಿಸಿದೆವು: ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ನಿಧಾನಕ್ಕೆ ತಲೆಕೆಳಗು ಮಾಡುವುದು, ಇಲ್‌ಫೋರ್ಡ್‌ನವರು ಹೇಳುವ ಕ್ರಮ. ತೂತಿನ ಪಟ್ಟೆಗಳು ಹೆಚ್ಚುಕಡಿಮೆ ಹೋದವು, ಆದರೆ ಮೋಡ ಮೋಡ ಹಾಗೆ ಅಸಮ ಉಳಿಯಿತು. ಮೂರನೆಯದರಲ್ಲಿ 24 ಡಿಗ್ರಿಗೆ ಇಳಿಸಿ ಐದು ನಿಮಿಷ. (ತಾಪ ಬದಲಾದರೆ ಸಮಯವೂ ಬದಲಾಗಲೇಬೇಕು, ಇದನ್ನು ಬೇರೆ ಬೇರೆ ಮಾಡಲಿಕ್ಕೆ ಆಗುವುದಿಲ್ಲ, ಶುದ್ಧ ಪ್ರಯೋಗ ಅಲ್ಲ ಅಂತ ನಮಗೂ ಗೊತ್ತು.) ಮೋಡ ಹೋಯಿತು, ಅಂಚಿನಲ್ಲಿ ಮಾತ್ರ ತುಸು ದಟ್ಟ. ನಾಲ್ಕನೆಯದಕ್ಕೆ ಅದೇ 24 ಡಿಗ್ರಿ, ಡೆವಲಪರಿಗೆ ಅಷ್ಟೇ ನೀರು ಬೆರೆಸಿ ಒಂಬತ್ತು ನಿಮಿಷ. ಅದರಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. ಬರೀ ಬೂದು. ಅಷ್ಟು ಬೋರಿಂಗ್ ನೆಗೆಟಿವ್ ನೋಡಿ ನಾಲ್ಕು ಜನ ಕುಣಿದದ್ದನ್ನು ನೋಡಿದ್ದರೆ ಆಂಟಿ ಬಾಡಿಗೆ ಮನೆ ಖಾಲಿ ಮಾಡಿಸುತ್ತಿದ್ದರೋ ಏನೋ.

ಹಾಗಾಗಿ ನಮ್ಮ ವಾದ ಇಷ್ಟು: ಮಂಗಳೂರಿನಲ್ಲಿ 20ರ ಹಿಂದೆ ಓಡಬೇಡಿ, 30ಕ್ಕೆ ಶರಣಾಗಲೂ ಬೇಡಿ. 24ರಲ್ಲಿ ನಿಲ್ಲಿಸಿ, ನೀರು ಬೆರೆಸಿ, ಸಮಯವನ್ನು ಉದ್ದ ಮಾಡಿ. ಐಸ್ ಲೆಕ್ಕ ಪಿಯುಸಿ ಫಿಸಿಕ್ಸ್‌ನದ್ದೇ. ಐದು ಲೀಟರ್ ನೀರಿನ ಬಕೆಟ್ 30ರಿಂದ 20ಕ್ಕೆ ಇಳಿಯಬೇಕಾದರೆ ಅರ್ಧ ಕಿಲೋ ಐಸ್ ಬೇಕು. 24ಕ್ಕೆ ಆದರೆ 290 ಗ್ರಾಂ ಸಾಕು, ಫ್ರಿಜ್‌ನ ಐಸ್ ಟ್ರೇಯಲ್ಲಿ ಆಗಿಹೋಗುತ್ತದೆ. ಅಷ್ಟೇ ಅಲ್ಲ, 24ರ ಬಕೆಟ್ ಬೇಗ ಬಿಸಿ ಏರುವುದಿಲ್ಲ, ಸುತ್ತಲಿನ ಗಾಳಿಗೂ ಅದಕ್ಕೂ ಅಂತರ ಕಡಿಮೆ ತಾನೇ. ಐಸನ್ನು ಡೆವಲಪರ್ ಒಳಗೆ ಹಾಕುವುದಲ್ಲ, ಬಕೆಟ್ ನೀರಿಗೆ ಹಾಕಿ ಅದರಲ್ಲಿ ಬಾಟಲಿ, ಟ್ಯಾಂಕು, ಹೈಪೋ, ತೊಳೆಯುವ ನೀರು ಎಲ್ಲವನ್ನೂ ಇಡುವುದು. 20ರಲ್ಲಿ ಡೆವಲಪ್ ಮಾಡಿ, ನೇರ 33ರ ಟ್ಯಾಂಕ್ ನೀರಿಗೆ ಹಿಡಿಯುವವರನ್ನೂ ನೋಡಿದ್ದೇವೆ. ಈಗಿನ ಫಿಲ್ಮ್ ಗಟ್ಟಿ, ತಡೆದುಕೊಳ್ಳುತ್ತದೆ. ಆದರೂ ಜಿಲೆಟಿನ್ ಪದರಕ್ಕೆ ಅಂಥ ಶಾಕ್ ಕೊಡುವುದು ಯಾಕೆ?

ಇದೇನೂ ಹೊಸ ವಿದ್ಯೆ ಅಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಆ ಶತಮಾನದಲ್ಲೇ ಈ ಕರಾವಳಿಯಲ್ಲಿ ತೆಗೆದ ಚಿತ್ರಗಳು ಇವತ್ತಿಗೂ ಬಾಸೆಲ್‌ನ ಆರ್ಕೈವ್‌ನಲ್ಲಿ ಇವೆ. ಇದೇ ಸೆಕೆ, ಇದೇ ಮಳೆ, ಫ್ರಿಜ್ ಇಲ್ಲ. ನಮ್ಮ ಊರಿನ ಸ್ಟುಡಿಯೋದವರು ಮದುವೆ ಸೀಸನ್ನಿನ ಏಪ್ರಿಲ್-ಮೇಯಲ್ಲೇ ಅತಿ ಹೆಚ್ಚು ರೀಲು ತೊಳೆಯುತ್ತಿದ್ದರು. ಉರ್ವಸ್ಟೋರ್ ಕಡೆಯ ಒಬ್ಬ ಹಿರಿಯರು ಹೇಳಿದ ಪ್ರಕಾರ ಅವರು ರಾತ್ರಿ ಊಟ ಆದ ಮೇಲೆ ಕೆಲಸ ಶುರು ಮಾಡಿ, ಮೀನಿನ ಲಾರಿಯ ಐಸ್ ತರಿಸಿ ಟ್ರೇಯ ಸುತ್ತ ಇಡುತ್ತಿದ್ದರಂತೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ನಾವು ಕೊಟ್ಟಾರದಲ್ಲಿ ಕೂತು, ಚಳಿ ದೇಶದವರು ತಮ್ಮ ನಲ್ಲಿ ನೀರಿಗೆ ಬರೆದುಕೊಂಡದ್ದನ್ನು ಓದಿ, ಪಟ್ಟೆ ಬಂದರೆ ಅದಕ್ಕೆ ವಿಂಟೇಜ್ ಅಂತ ಹೆಸರಿಡುತ್ತೇವೆ. ನಮಗೆ ಸಿಟ್ಟು ಬರುವುದು ಇದಕ್ಕೆ. ಅಂದ ಹಾಗೆ ನಮ್ಮ ಭಾಷೆಯಲ್ಲಿ ರೀಲು ‘ತೊಳೆಯುವುದು’ ಅನ್ನುತ್ತಾರೆ. ಇಂಗ್ಲಿಷಿನ ಡೆವಲಪ್‌ಗಿಂತ ಇದೇ ಸರಿ ಅನ್ನಿಸುತ್ತದೆ, ಯಾಕೆಂದರೆ ತೊಳೆಯುವುದು ಅಂದ ಕೂಡಲೇ ಎಲ್ಲ ಕಡೆ ಸಮ ಆಗಬೇಕು ಅಂತ ನಮ್ಮ ಅಮ್ಮಂದಿರಿಂದ ಬೈಸಿಕೊಂಡ ನೆನಪೂ ಒಟ್ಟಿಗೆ ಬರುತ್ತದೆ.

ಕ್ಲಬ್ ರೂಮಿನ ಕಪಾಟಿನಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದೇವೆ. ಯಾರು ರೋಲ್ ತೊಳೆದರೂ ತಿಂಗಳು, ಬಾವಿ ನೀರೋ ಟ್ಯಾಂಕ್ ನೀರೋ, ಸುರಿಯುವ ಮೊದಲಿನ ಡಿಗ್ರಿ, ಸುರಿದ ನಂತರದ ಡಿಗ್ರಿ, ಸಮಯ, ಕುಲುಕಿದ ಕ್ರಮ, ಬಂದ ಕಲೆ ಇಷ್ಟನ್ನು ಕನ್ನಡದಲ್ಲಿ ಬರೆಯಿರಿ. ಕಾಗುಣಿತ ತಪ್ಪಿದರೆ ಚಿಂತೆ ಇಲ್ಲ, ನಮ್ಮ ಪುಟಗಳಲ್ಲೂ ಬೇಕಾದಷ್ಟು ಉಂಟು. ಸುಸ್ತಾದ ಹೈಪೋವನ್ನು ಬಾವಿಕಟ್ಟೆ ಹತ್ತಿರ ಚೆಲ್ಲಬೇಡಿ, ಅದರಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ, ಒಂದು ಕ್ಯಾನಿನಲ್ಲಿ ಕೂಡಿಡಿ. ಕಲೆ ಬಿದ್ದ ನೆಗೆಟಿವ್ ಇದ್ದವರು ಬುಧವಾರ ಸಂಜೆ ತನ್ನಿ, ಲೈಟ್ ಟೇಬಲ್ ಮೇಲೆ ಇಟ್ಟು ಒಟ್ಟಿಗೆ ನೋಡುವ. ಫ್ರೇಮ್ ಫ್ರೇಮ್ ಆಗಿ ಕತ್ತರಿಸಿ ತರಬೇಡಿ, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕಳಿಸಲೂ ಬೇಡಿ. ಎರಡೂ ಅಂಚಿನ ತೂತುಗಳು ಕಾಣಬೇಕು.